ದಾರಿ ಅದರದ್ದು, ಗುರಿ ಯಾರದ್ದು?

ಶಾಲಿನಿ: ಯಂತ್ರ ಯೋಚಿಸೋದಿಲ್ಲ ಅಂತ ಇನ್ನೂ ಹಟ ಹಿಡಿದಿದ್ದೀರಾ ಮೇಷ್ಟ್ರೇ?

ಮೇಷ್ಟ್ರು: ಹಟ ನನ್ನದಲ್ಲಮ್ಮ, ಗಣಿತಜ್ಞೆ ಏಡಾ ಲವ್‌ಲೇಸ್‌ದು. ಯಂತ್ರ ತಾನಾಗಿ ಹೊಸದೇನನ್ನೂ ಹುಟ್ಟಿಸಲ್ಲ, ನಾವು ಹೇಳಿಕೊಟ್ಟಷ್ಟೇ ಮಾಡುತ್ತೆ ಅಂತ 1843ರಲ್ಲೇ ಬರೆದಿಟ್ಟಳು.

ಶಾಲಿನಿ: ಹಾಗಿದ್ರೆ 2016ರ ಮಾರ್ಚ್‌ನಲ್ಲಿ ಸಿಯೋಲ್‌ನಲ್ಲಿ ಆದದ್ದೇನು? ಗೋ ಆಟದಲ್ಲಿ ಚಾಂಪಿಯನ್ ಲೀ ಸೆಡೋಲ್ ಎದುರು ಆಲ್ಫಾಗೋ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ. ಎರಡನೇ ಪಂದ್ಯದ 37ನೇ ನಡೆ, ಐದನೇ ಗೆರೆಯ ಮೇಲೆ ಒಂದು ಕರಿ ಕಾಯಿ. ವೀಕ್ಷಕ ವಿವರಣೆ ಹೇಳ್ತಿದ್ದವರು ಕೈತಪ್ಪಿ ಇಟ್ಟಿರಬೇಕು ಅಂದ್ಕೊಂಡ್ರು. ಮನುಷ್ಯರು ಅಲ್ಲಿಡೋ ಸಂಭವ ಹತ್ತು ಸಾವಿರಕ್ಕೊಂದು ಅಂತ ಆಲ್ಫಾಗೋನೇ ಲೆಕ್ಕ ಹಾಕಿತ್ತು. ಆದರೂ ಇಟ್ಟಿತು, ಪಂದ್ಯ ಗೆದ್ದಿತು. ಅದನ್ನ ಯಾರು ಹೇಳಿಕೊಟ್ಟದ್ದು?

ಮೇಷ್ಟ್ರು: ಯಾರೂ ಇಲ್ಲ, ಒಪ್ಪಿದೆ. ಮನುಷ್ಯರ ಆಟ ನೋಡಿ ಕಲಿತು, ಆಮೇಲೆ ತನ್ನ ಜೊತೆ ತಾನೇ ಲಕ್ಷಗಟ್ಟಲೆ ಸಲ ಆಡಿ ಕಂಡುಕೊಂಡದ್ದು. ದಾರಿ ಅದರದ್ದೇ. ಆದರೆ ಗೆಲ್ಲಬೇಕು ಅನ್ನೋದು?

ಶಾಲಿನಿ: ಅದು ಆಲ್ಫಾಗೋ ಮಾಡಿದ ಡೀಪ್‌ಮೈಂಡ್ ಕಂಪನಿಯವರು ಇಟ್ಟ ಗುರಿ. ನನ್ನ ಗುರಿ ಮಾತ್ರ ನಾನೇ ಆರಿಸಿಕೊಂಡದ್ದಾ? ಎಂಜಿನಿಯರಿಂಗ್ ಸೇರು ಅಂದದ್ದು ಅಪ್ಪ.

ಮೇಷ್ಟ್ರು: ಸೇರಿದೆ. ಮೂರನೇ ವರ್ಷದಲ್ಲಿ, ಇದೆಲ್ಲ ಯಾಕೆ ಮೇಷ್ಟ್ರೇ ಅಂತ ಬಂದು ಕೂತೆಯಲ್ಲ? ಆ ಪ್ರಶ್ನೆ ಆಲ್ಫಾಗೋಗೆ ಹುಟ್ಟಲಿಲ್ಲ. ಸೋಲಿಸೋಕಾಗದ್ದು ಒಂದು ಬಂದಮೇಲೆ ಮೊದಲ ಸ್ಥಾನಕ್ಕೆ ಏನರ್ಥ ಅಂತ ಲೀ ಸೆಡೋಲ್ 2019ರಲ್ಲಿ ತಾನೇ ಆಟ ಬಿಟ್ಟ. ಆಲ್ಫಾಗೋಗೂ 2017ರಲ್ಲಿ ನಿವೃತ್ತಿ ಆಯ್ತು. ಘೋಷಿಸಿದವರು ಕಂಪನಿಯವರು.

ಶಾಲಿನಿ: ಈಗಿನ ಚಾಟ್‌ಬಾಟ್ ಯಾಕೆ ಅಂತಲೂ ಕೇಳುತ್ತೆ, ಕಾರಣವನ್ನೂ ಕೊಡುತ್ತೆ.

ಮೇಷ್ಟ್ರು: ಕೊಡುತ್ತೆ. ನಾನು ಸ್ವಲ್ಪ ಜೋರು ಮಾಡಿದರೆ ಕ್ಷಮೆ ಕೇಳಿ, ಸರಿಯಿದ್ದ ಉತ್ತರವನ್ನೂ ಎಷ್ಟೋ ಸಲ ಬದಲಿಸಿಬಿಡುತ್ತೆ.

ಶಾಲಿನಿ: ಮ್ಯಾನೇಜರ್ ಜೋರು ಮಾಡಿದರೆ ನಾನೂ ಬದಲಿಸ್ತೀನಿ.

ಮೇಷ್ಟ್ರು: ಬದಲಿಸ್ತೀಯ. ಆದರೆ ಮನಸ್ಸಿನಲ್ಲಿ ಒಪ್ಪಿರಲ್ಲ.

ಶಾಲಿನಿ: ಒಪ್ಪಿರಲಿಲ್ಲ ಅಂತ ನಿಮಗೆ ಗೊತ್ತಾಗೋದು ನಾನು ಬಂದು ಹೇಳಿದ ಮೇಲೆ ತಾನೆ? ಇನ್ನೊಬ್ಬರ ಒಳಗನ್ನ ಕಂಡವರು ಯಾರು? ಅದಕ್ಕೇ ಗಣಿತಜ್ಞ ಟ್ಯೂರಿಂಗ್ 1950ರಲ್ಲಿ ಒಳಗಿನ ತಕರಾರು ಬಿಟ್ಟು ಮಾತುಕತೆಯನ್ನೇ ಪರೀಕ್ಷೆ ಮಾಡಿದ್ದು.

ಮೇಷ್ಟ್ರು: ಸರಿ, ಮಾತುಕತೆಯನ್ನೇ ನೋಡೋಣ. ನಾನೆಷ್ಟು ಗದರಿಸಿದರೂ ಯಂತ್ರ ತನ್ನ ಕಾರಣ ಬಿಟ್ಟುಕೊಡಬಾರದು. ಅದಕ್ಕಿಂತ ಒಳ್ಳೆ ಕಾರಣ ಕೊಟ್ಟರೆ ಬಿಗುಮಾನ ಬಿಟ್ಟು ಒಪ್ಪಬೇಕು. ಆವತ್ತು ಅದು ಯೋಚಿಸುತ್ತೆ ಅಂತೀನಿ.

ಶಾಲಿನಿ: ಆ ಪರೀಕ್ಷೇಲಿ ನಮ್ಮಲ್ಲಿ ಎಷ್ಟು ಜನ ಪಾಸಾಗ್ತಾರೆ ಮೇಷ್ಟ್ರೇ?

ಮೇಷ್ಟ್ರು: ಯೋಚನೆ ಮಾಡೋದು ಸುಲಭ ಅಂತ ನಾನೆಲ್ಲಿ ಹೇಳಿದೆ?