ಪೂರವೂ ಪ್ರಮಾಣವೂ

ಹೊಳೆಯು ಹಿಂದಿಲ್ಲದಷ್ಟು ತುಂಬಿ ರಭಸದಿಂದ ಹರಿಯುವುದನ್ನು ಕಂಡು, ಮೇಲ್ಗಡೆ ಮಳೆಯಾಗಿದೆಯೆಂದು ತಿಳಿಯುವುದನ್ನು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ‘ಶೇಷವತ್’ ಎಂಬ ಅನುಮಾನಕ್ಕೆ ನಿದರ್ಶನವಾಗಿ ಕೊಟ್ಟಿದ್ದಾನೆ. ಮೋಡ ಕವಿದುದನ್ನು ಕಂಡು ಮಳೆ ಬರುವುದೆನ್ನುವುದು ‘ಪೂರ್ವವತ್’. ಅಡ್ಡಗಟ್ಟೆ ಹಾಕಿದರೂ ನೀರು ಏರುವುದಲ್ಲವೆ ಎಂಬ ಆಕ್ಷೇಪವನ್ನೂ ನೈಯಾಯಿಕರೇ ಎತ್ತಿ, ಬರಿಯ ಏರಿಕೆ ಹೇತುವಲ್ಲ, ವೇಗ, ನೊರೆ, ತೇಲಿಬರುವ ಹಣ್ಣು, ಎಲೆ, ಕಟ್ಟಿಗೆಗಳಿಂದ ಕೂಡಿದ ಏರಿಕೆಯೇ ಹೇತುವೆಂದು ಸಮಾಧಾನ ಹೇಳಿದರು. ಹೊಳೆಯ ದಡದಲ್ಲಿ ನಿಂತು ನೋಡಿದವರಲ್ಲದೆ ಮತ್ತಾರೂ ಹೀಗೆ ಬರೆಯಲಾರರೆಂದು ನನಗೆ ತೋರುತ್ತದೆ.

81,155 ಚದರ ಕಿಲೋಮೀಟರು ಹರಡಿದ ಕಾವೇರಿಯ ಜಲಾನಯನ ಪ್ರದೇಶಕ್ಕೆ ಮಳೆ ಮತ್ತು ಹರಿವುಗಳ ಗಣಿತದ ಮಾದರಿಯನ್ನು ಕಟ್ಟುವ ಇಂದಿನ ಜಲವಿಜ್ಞಾನಿ ಹಿಡಿಯುವುದು ಪೂರ್ವವತ್ತಿನ ದಾರಿಯನ್ನೇ. ಆದರೆ ಕೊಡಗಿನಲ್ಲಿ ಜೂನ್ ಮೊದಲಿನ ಮಳೆಯನ್ನು ಬೇಸಗೆಯಲ್ಲಿ ಬಾಯಾರಿದ ನೆಲವೇ ಕುಡಿದುಬಿಡುತ್ತದೆ, ಹೊಳೆಗೆ ಸೇರುವುದು ಅತ್ಯಲ್ಪ. ಜುಲೈ ಕೊನೆಯಲ್ಲಿ, ಗದ್ದೆ ತೋಟಗಳ ಮಣ್ಣೆಲ್ಲ ನೀರುಂಡು ತಣಿದ ಮೇಲೆ, ಅಷ್ಟೇ ಮಳೆ ಬಿದ್ದರೂ ಕೆನ್ನೀರಾಗಿ ಇಳಿದು ಭಾಗಮಂಡಲದ ಸಂಗಮದಲ್ಲಿ ರಸ್ತೆಯ ಮೇಲೇರುತ್ತದೆ. ಆದುದರಿಂದಲೇ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ರೂಪಿಸಿದ ಪ್ರಸಿದ್ಧ ವಿಧಾನದಲ್ಲಿ ಇಂದಿನ ಮಳೆಯೊಡನೆ ಹಿಂದಿನ 5 ದಿನಗಳ ಮಳೆಯನ್ನೂ ಎಣಿಸುತ್ತಿದ್ದರು. ಬೆಂಕಿಯಿದ್ದಲ್ಲಿ ಹೊಗೆಯಿದೆಯೆಂಬ ಮಾತು ನಿಲ್ಲದು, ಹಸಿ ಸೌದೆಯೆಂಬ ಉಪಾಧಿ ಬೇಕು ಎಂದು ತರ್ಕಶಾಸ್ತ್ರ ಹೇಳುವುದಷ್ಟೆ. ಮಳೆಗೂ ಪೂರಕ್ಕೂ ನಡುವೆ ನೆಲದ ತೇವವು ಅಂತಹುದೇ ಉಪಾಧಿ.

ಇಷ್ಟನ್ನೆಲ್ಲ ಎಣಿಸಿದರೂ ಲೆಕ್ಕಕ್ಕೂ ಹೊಳೆಗೂ ಅಂತರ ಉಳಿಯುತ್ತದೆ. ಬೇರೆ ಬೇರೆ ಅಂಕಿಗಳನ್ನಿಟ್ಟ ಎರಡು ಮಾದರಿಗಳು ಒಂದೇ ಪೂರವನ್ನು ಸಮನಾಗಿ ತೋರಿಸುವುದೂ ಉಂಟು. ಆ ಅಂತರವನ್ನು ದೈವವೆನ್ನಬಹುದೆ? ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವನ್ನು ಕಂಡು ಕೈಮುಗಿಯುವವರ ಭಕ್ತಿ ನನ್ನದೂ ಹೌದು. ಆದರೂ ಎಣಿಕೆಗೆ ಸಿಗದುದನ್ನೆಲ್ಲ ತಾಯಿಯ ಮುನಿಸೆಂದು ಕರೆಯುವುದು ಅವಳ ಮೇಲೆ ಹೊರಿಸುವ ಅಪವಾದವೆಂದೇ ನನ್ನ ಭಾವನೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ಬಾಗಿಲುಗಳನ್ನೆತ್ತಿದಾಗ, ಶ್ರೀರಂಗಪಟ್ಟಣದಲ್ಲಿ ನೆತ್ತಿಯ ಮೇಲೆ ಬಿಸಿಲಿದ್ದರೂ ಹೊಳೆ ನೊರೆಗರೆದು ಏರುತ್ತದೆ. ನೈಯಾಯಿಕರು ಹೇಳಿದ ವೇಗವೂ ಅಲ್ಲಿ ಕಾಣುತ್ತದೆ. ಎಷ್ಟು ನೀರನ್ನು ಯಾವಾಗ ಬಿಡಬೇಕೆಂಬುದನ್ನು ಮನುಷ್ಯರು ಕುಳಿತು ನಿರ್ಧರಿಸಿರುವಾಗ, ದಡದ ಗದ್ದೆ ಮುಳುಗಿದ ರೈತನಿಗೆ ಇದು ದೈವೇಚ್ಛೆಯೆಂದು ಹೇಳುವವನು ಪುರುಷಕಾರದ ಹೊಣೆಯನ್ನು ದೇವರ ತಲೆಗೆ ಕಟ್ಟುತ್ತಿದ್ದಾನೆ. ಮಾದರಿ ಕಟ್ಟುವವನು ಆ ಬಾಗಿಲುಗಳ ಲೆಕ್ಕವನ್ನೂ ತನ್ನ ಸಮೀಕರಣಗಳಲ್ಲಿ ಸೇರಿಸಲೇಬೇಕು.