ಅಂಕಿತ ಅಳಿಸಬೇಡಿ



ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕಿರುವ ನಮ್ಮ ಸುತ್ತಿನ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಒಂದು ಇಂಗ್ಲಿಷ್ ಸಿನಿಮಾದ ಬಗ್ಗೆ ಬಹಳ ಹೊತ್ತು ವಾದ ಮಾಡಿದರು. ತಿಪಟೂರಿನವರು, ನೊಣವಿನಕೆರೆಯವರು, ಹುಳಿಯಾರಿನ ಕಡೆಯವರು ಎಲ್ಲರೂ ಇದ್ದರು. ಒಬ್ಬ ಹುಡುಗಿ, ‘ಕೊನೆಗೆ ಅಳು ತಡೆಯೋಕಾಗಲಿಲ್ಲ’ ಎಂದಳು. ಇನ್ನೊಬ್ಬ, ‘ಚಿತ್ರ ಚೆನ್ನಾಗಿದೆ, ಆದರೆ ಅರ್ಧ ಕಟ್ಟುಕಥೆ’ ಎಂದ. ಕೇಳಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು, ‘ಯುದ್ಧ ಗೆಲ್ಲಿಸಿದವನ ಕಥೆ ಹೇಳ್ರಪ್ಪ, ಸರಿ. ಅವನ ಸ್ವಂತ ವಿಷಯ ಬಯಲಿಗೆ ಯಾಕೆ ತರಬೇಕಿತ್ತು?’ ಎಂದು ಕೇಳಿದರು. ಈ ಮೂರೂ ಮಾತು ನನ್ನನ್ನು ಬಿಡಲಿಲ್ಲ. ಒಬ್ಬ ಮನುಷ್ಯನ ಬದುಕನ್ನು ಹೇಗೆ ಹೇಳಬೇಕು, ಹೇಗೆ ಕೇಳಬೇಕು ಎಂಬುದು ಧರ್ಮದ ಪ್ರಶ್ನೆ. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಚಿತ್ರದ ಹೆಸರು ‘ದಿ ಇಮಿಟೇಷನ್ ಗೇಮ್’. 2014ರಲ್ಲಿ ಬಂತು. ಎಂಟು ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡು, 2015ರ ಫೆಬ್ರವರಿಯಲ್ಲಿ ಚಿತ್ರಕಥೆಗೆ ಪ್ರಶಸ್ತಿ ಪಡೆಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ‘ಎನಿಗ್ಮಾ’ ಎಂಬ ಯಂತ್ರದಿಂದ ಕಳಿಸುತ್ತಿದ್ದ ಗುಪ್ತ ಸಂದೇಶಗಳನ್ನು ಬಿಡಿಸಿದ ಗಣಿತಜ್ಞ ಅಲನ್ ಟ್ಯೂರಿಂಗ್ ಅವರ ಕಥೆ ಅದು. ನಮ್ಮ ಮಕ್ಕಳು ಅನ್ನ ತಿನ್ನುತ್ತಿರುವ ಕಂಪ್ಯೂಟರ್ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಅವರು ಮೊದಲ ಸಾಲಿನವರು.

ದೂರದ ದೇಶದವರು ಎಂದುಕೊಳ್ಳಬೇಡಿ. ಅವರ ತಂದೆ ಜೂಲಿಯಸ್ ಟ್ಯೂರಿಂಗ್ ಮದ್ರಾಸ್ ಪ್ರಾಂತ್ಯದ ಅಧಿಕಾರಿ. ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಿ ಊರೂರು ತಿರುಗಿದವರು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ರೈಲ್ವೆ ಎಂಜಿನಿಯರ್. ತುಂಗಭದ್ರೆಗೆ ರೈಲು ಸೇತುವೆ ಕಟ್ಟಿಸಿದವರು. ಅಲನ್ ಹುಟ್ಟಿದ್ದು ಲಂಡನ್ನಿನಲ್ಲಿ, 1912ರ ಜೂನ್ 23ರಂದು. ಹೆತ್ತವರು ಮಕ್ಕಳನ್ನು ಇಂಗ್ಲೆಂಡಿನಲ್ಲೇ ಬೇರೊಂದು ಮನೆಯಲ್ಲಿ ಬಿಟ್ಟು ಇಲ್ಲಿಗೆ ಹಿಂತಿರುಗಿದರು. ಯುದ್ಧದ ಗುಟ್ಟಿನ ಕೆಲಸವೂ ಇಂಗ್ಲೆಂಡಿನಲ್ಲಷ್ಟೇ ನಡೆಯಲಿಲ್ಲ. ಜಪಾನೀಯರ ನಿಸ್ತಂತು ಸಂದೇಶ ಹಿಡಿಯಲು ದೆಹಲಿಯ ಆನಂದ ಪರ್ಬತದಲ್ಲಿ ಒಂದು ಕೇಂದ್ರವಿತ್ತು, ಅದರ ಶಾಖೆಯೊಂದು ಬೆಂಗಳೂರಿನಲ್ಲಿತ್ತು. ಅಲ್ಲಿ ದುಡಿದವರ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ.

ಈಗ ‘ಅರ್ಧ ಕಟ್ಟುಕಥೆ’ ಎಂದ ಹುಡುಗನ ಮಾತಿಗೆ ಬರೋಣ. ಚಿತ್ರದಲ್ಲಿ ಟ್ಯೂರಿಂಗ್ ಒಬ್ಬರೇ ಪ್ರಧಾನಿ ಚರ್ಚಿಲ್‌ಗೆ ಪತ್ರ ಬರೆಯುತ್ತಾರೆ, ಕೂಡಲೇ ಅಧಿಕಾರ ಅವರ ಕೈಗೆ ಬರುತ್ತದೆ. ನಡೆದದ್ದು ಬೇರೆ. 1941ರ ಅಕ್ಟೋಬರ್ 21ರ ಆ ಪತ್ರದ ಕೊನೆಗೆ ನಾಲ್ಕು ಸಹಿಗಳಿದ್ದವು: ಟ್ಯೂರಿಂಗ್, ವೆಲ್ಚ್‌ಮನ್, ಅಲೆಕ್ಸಾಂಡರ್, ಮಿಲ್ನರ್-ಬ್ಯಾರಿ. ನಮಗೆ ಜನ ಸಾಲದು, ಗುಮಾಸ್ತರಿಲ್ಲದೆ ಕೆಲಸ ನಿಲ್ಲುತ್ತಿದೆ ಎಂದು ನಾಲ್ವರೂ ಸೇರಿ ಬೇಡಿಕೊಂಡಿದ್ದರು. ಮಿಲ್ನರ್-ಬ್ಯಾರಿ ಅದನ್ನು ತಾವೇ ಹಿಡಿದುಕೊಂಡು ಪ್ರಧಾನಿಯ ಮನೆ ಬಾಗಿಲಿಗೆ ಹೋದರು. ಚಿತ್ರ ಮೂರು ಸಹಿ ಅಳಿಸಿ ಒಂದನ್ನು ಉಳಿಸಿಕೊಂಡಿತು. ಎನಿಗ್ಮಾ ಬಿಡಿಸಲು ಟ್ಯೂರಿಂಗ್ ರೂಪಿಸಿದ ಯಂತ್ರ ವೇಗವಾಗಿ ಓಡುವಂತೆ ಮಾಡಿದ ವೆಲ್ಚ್‌ಮನ್ ಚಿತ್ರದಲ್ಲಿ ಕಾಣುವುದೇ ಇಲ್ಲ. ಅದಕ್ಕೂ ಮೊದಲೇ, 1932ರ ಕೊನೆಯಲ್ಲಿ, ಪೋಲೆಂಡಿನ ರೆಯೆವ್‌ಸ್ಕಿ ಎಂಬ ತರುಣ ಗಣಿತಜ್ಞ ಎನಿಗ್ಮಾದ ಒಳಗಿನ ತಂತಿಯ ಹೆಣಿಗೆಯನ್ನು ಲೆಕ್ಕ ಹಾಕಿ ಕಂಡುಹಿಡಿದಿದ್ದರು. 1939ರ ಜುಲೈನಲ್ಲಿ, ತಮ್ಮ ದೇಶ ಮುಳುಗುವ ಮುಂಚೆ, ಪೋಲೆಂಡಿನವರು ವಾರ್ಸಾ ಹತ್ತಿರದ ಕಾಡಿನಲ್ಲಿ ಕೂತು ತಮ್ಮ ವಿದ್ಯೆಯನ್ನೆಲ್ಲ ಇಂಗ್ಲಿಷರಿಗೆ, ಫ್ರೆಂಚರಿಗೆ ಧಾರೆ ಎರೆದರು. ಚಿತ್ರದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೆರಡು ಮಾತು.

ಇಂಗ್ಲೆಂಡಿನಲ್ಲಿ ಈ ಕೆಲಸ ನಡೆದ ಬ್ಲೆಚ್ಲಿ ಪಾರ್ಕ್ ಎಂಬ ಜಾಗದಲ್ಲಿ ಯುದ್ಧದ ಕೊನೆಯ ಹೊತ್ತಿಗೆ ಸುಮಾರು ಒಂಬತ್ತು ಸಾವಿರ ಜನ ದುಡಿಯುತ್ತಿದ್ದರು, ನಾಲ್ಕರಲ್ಲಿ ಮೂರು ಪಾಲು ಹೆಣ್ಣುಮಕ್ಕಳು. ಜೋನ್ ಕ್ಲಾರ್ಕ್ ಎಂಬ ಗಣಿತಜ್ಞೆಗೆ ಬಡ್ತಿ ಕೊಡಲು ಹೆಂಗಸರಿಗೆ ಆ ದರ್ಜೆಯೇ ಇರಲಿಲ್ಲ. ಹಾಗಾಗಿ ಬೇರೆ ಭಾಷೆಯೇ ಬಾರದ ಅವರನ್ನು ಭಾಷಾತಜ್ಞೆ ಎಂದು ದಾಖಲೆಯಲ್ಲಿ ಬರೆದುಕೊಂಡರು. ಇವರೆಲ್ಲ ಯುದ್ಧ ಮುಗಿದ ಮೇಲೂ ಸುಮಾರು ಮೂವತ್ತು ವರ್ಷ ಗಂಡನಿಗೂ ಹೇಳಲಿಲ್ಲ, ಹೆತ್ತವರಿಗೂ ಹೇಳಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡವರು ಅವರು.

ಬದುಕಿನ ಕಥೆ ಕಟ್ಟುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮಲ್ಲೇ ಶೂನ್ಯಸಂಪಾದನೆ ಇದೆ. ಅಲ್ಲಮಪ್ರಭುಗಳನ್ನು ನಡುವೆ ಇಟ್ಟುಕೊಂಡು, ಬೇರೆ ಬೇರೆ ಹೊತ್ತಿನಲ್ಲಿ ಹುಟ್ಟಿದ ವಚನಗಳನ್ನು ಎದುರುಬದುರು ಕೂರಿಸಿ, ನಾಟಕದಂತೆ ಸಂವಾದ ಕಟ್ಟಿದರು. ಒಮ್ಮೆ ಕಟ್ಟಿ ಸುಮ್ಮನಾಗಲಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಕಟ್ಟಿದರು. ಆಮೇಲೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು, ಕೊನೆಗೆ ನಮ್ಮ ತುಮಕೂರು ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯರು ಮತ್ತೆ ಮತ್ತೆ ಕಟ್ಟಿದರು. ಓದಿದವರಿಗೆ ಒಪ್ಪಿಗೆಯಾಗದ್ದು ಇತ್ತು, ಅದಕ್ಕೇ ತಿದ್ದಿದರು. ಸಿದ್ಧರಾಮಯ್ಯನವರ ದೀಕ್ಷೆಯ ಪ್ರಸಂಗದಲ್ಲಿ ನಾಲ್ಕೂ ಒಂದೇ ಮಾತು ಹೇಳುವುದಿಲ್ಲ. ಇಷ್ಟೆಲ್ಲ ಭಿನ್ನಾಭಿಪ್ರಾಯವಿದ್ದರೂ ಒಂದು ಶಿಸ್ತು ಉಳಿಯಿತು: ವಚನದ ಅಂಕಿತ ಉಳಿಯಿತು. ಅಕ್ಕನ ಮಾತಿನ ಕೊನೆಗೆ ಚೆನ್ನಮಲ್ಲಿಕಾರ್ಜುನನೇ ನಿಂತ, ಬಸವಣ್ಣನವರ ಮಾತಿನ ಕೊನೆಗೆ ಕೂಡಲಸಂಗಮದೇವನೇ ನಿಂತ. ಪ್ರಭುದೇವರನ್ನು ದೊಡ್ಡವರನ್ನಾಗಿ ಮಾಡಲು ಅಕ್ಕನ ಮಾತನ್ನು ಕಿತ್ತು ಅವರ ಬಾಯಿಗೆ ಹಾಕಬೇಕಾಗಲಿಲ್ಲ. ಆ ಸಿನಿಮಾ ಮಾಡಿದವರಿಗೆ ಈ ಶಿಸ್ತು ಇದ್ದಿದ್ದರೆ ಟ್ಯೂರಿಂಗ್ ಒಂದು ಕೂದಲೆಳೆಯಷ್ಟೂ ಚಿಕ್ಕವರಾಗುತ್ತಿರಲಿಲ್ಲ.

ಹೆಸರು ಅಳಿಸುವುದನ್ನು ನಮ್ಮ ಅಂಗಳದಲ್ಲೇ ನೋಡಿ. ತೆಂಗಿನಕಾಯಿ ಅಟ್ಟ ಹತ್ತಿ ತಿಂಗಳುಗಟ್ಟಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಿಟಕು ಗಟಗಟ ಎನ್ನುವಾಗ ಕೆಳಗಿಳಿಯುತ್ತದೆ. ಸುಲಿಯುವವರು ಬರುತ್ತಾರೆ. ಚಿಪ್ಪು ಒಡೆಯುವ ತಾಯಂದಿರು ನೆಲದ ಮೇಲೆ ಕೂತು, ಉಂಡೆಗೆ ಮಚ್ಚಿನ ಏಟು ತಾಗದ ಹಾಗೆ ಅಳತೆಯಿಂದ ಹೊಡೆಯುತ್ತಾರೆ. ಒಂದು ಏಟು ಹೆಚ್ಚಾದರೆ ಉಂಡೆ ಹೋಳು, ಬೆಲೆ ಕುಸಿತ. ತಿಪಟೂರಿನ ಮಾರುಕಟ್ಟೆಗೆ ಹೋದ ಚೀಲದ ಚೀಟಿಯಲ್ಲಿ ಬೆಳೆಗಾರನ ಹೆಸರು, ಮಂಡಿಯ ಹೆಸರು. ಒಳ್ಳೆಯ ರೇಟು ಸಿಕ್ಕರೆ ‘ಇಂಥವರ ಕೊಬ್ಬರಿ’ ಎಂದು ಊರೆಲ್ಲ ಹೊಗಳುತ್ತದೆ. ಚಿಪ್ಪು ಒಡೆದ ಆ ಕೈಯ ಹೆಸರು ಯಾರು ಹೇಳುತ್ತಾರೆ? ತೋಟದ ಯಜಮಾನರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಕಾಯಕದ ಮಾತನ್ನು ಪ್ರಪಂಚಕ್ಕೆ ಹೇಳಿದ ಪರಂಪರೆಯವರು ನಾವು.

ಹೆಸರು ಅಳಿಸುವುದಕ್ಕಿಂತ ದೊಡ್ಡ ತಪ್ಪೊಂದಿದೆ: ಸತ್ತವರ ಮೇಲೆ ಇಲ್ಲದ ಪಾಪ ಹೊರಿಸುವುದು. ಚಿತ್ರದಲ್ಲಿ ಡೆನ್ನಿಸ್ಟನ್ ಎಂಬ ಹಿರಿಯ ಅಧಿಕಾರಿ ದಾರಿಗೆ ಅಡ್ಡ ಬರುವ ಖಳ. ನಿಜದಲ್ಲಿ ವಿಶ್ವವಿದ್ಯಾಲಯಗಳ ಗಣಿತಜ್ಞರನ್ನು ಹುಡುಕಿ ಆ ಕೆಲಸಕ್ಕೆ ಕರೆತಂದವರೇ ಅವರು. ಪೋಲೆಂಡಿನ ಕಾಡಿಗೆ ಹೋಗಿ ಆ ವಿದ್ಯೆ ತಂದವರಲ್ಲೂ ಅವರಿದ್ದರು. ಅವರ ಮೊಮ್ಮಕ್ಕಳು ಪತ್ರಿಕೆಗೆ ಬರೆದು ನೊಂದುಕೊಂಡರು. ಟ್ಯೂರಿಂಗ್ ಅವರನ್ನೂ ಚಿತ್ರ ಬಿಡಲಿಲ್ಲ. ರಷ್ಯಾದ ಗೂಢಚಾರನೊಬ್ಬ ಬೆದರಿಸಿದನೆಂದು ಅವರು ದೇಶದ್ರೋಹವನ್ನು ಮುಚ್ಚಿಟ್ಟರು ಎಂಬ ಸನ್ನಿವೇಶ ಸೃಷ್ಟಿಸಿತು. ಅಂಥದ್ದು ನಡೆಯಲೇ ಇಲ್ಲ. ಪಾಪ ಎಂದು ಕಣ್ಣೀರು ಹಾಕಿಸಲು ಹೊರಟವರೇ ಅವರ ನಿಷ್ಠೆಗೆ ಮಸಿ ಬಳಿದರು. ತಿಥಿಯ ಮನೆಯಲ್ಲಿ, ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ ನಾವೂ ಹೀಗೆಯೇ ಮಾತಾಡುತ್ತೇವೆ. ಸತ್ತವರು ಎದ್ದು ಬಂದು ಉತ್ತರ ಹೇಳಲಾರರು ಎಂಬ ಧೈರ್ಯ ನಮ್ಮದು.

ಕೊನೆಗೆ ಆ ಹಿರಿಯರ ಪ್ರಶ್ನೆ. ಸ್ವಂತ ವಿಷಯ ಯಾಕೆ ಬೇಕಿತ್ತು? ಯಜಮಾನರೇ, ಅದನ್ನು ಬಯಲಿಗೆ ತಂದದ್ದು ಸಿನಿಮಾ ಅಲ್ಲ, ಸರ್ಕಾರ. ಟ್ಯೂರಿಂಗ್ ಅವರ ಒಲವು ಗಂಡಸರ ಕಡೆಗಿತ್ತು. 1941ರಲ್ಲಿ ಜೋನ್ ಕ್ಲಾರ್ಕ್ ಜೊತೆ ಮದುವೆ ಮಾತಾದಾಗ ಅವರು ಅದನ್ನು ಆಕೆಗೆ ಬಾಯಿಬಿಟ್ಟು ಹೇಳಿದರು, ಆಮೇಲೆ ತಾವೇ ಹಿಂದೆ ಸರಿದರು. ಇನ್ನೊಬ್ಬರ ಬಾಳಿಗೆ ಮೋಸ ಮಾಡಲಿಲ್ಲ. 1952ರಲ್ಲಿ ಮನೆಯಲ್ಲಿ ಕಳ್ಳತನವಾಯಿತು ಎಂದು ಅವರೇ ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ದೂರುದಾರರ ಒಲವಿನ ಹಿಂದೆ ಬಿದ್ದರು. ಜೈಲು ಅಥವಾ ದೇಹವನ್ನೇ ಕೆಡಿಸುವ ಔಷಧ, ಎರಡರಲ್ಲೊಂದು ಆರಿಸಿಕೋ ಎಂದಿತು ನ್ಯಾಯಾಲಯ. ಅವರು ಔಷಧ ಒಪ್ಪಿಕೊಂಡರು. ಗುಪ್ತ ಕೆಲಸದಿಂದ ಹೊರಗಿಟ್ಟರು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ಸೈನೈಡ್‌ನಿಂದ ಸಾವು. ಆತ್ಮಹತ್ಯೆ ಎಂದು ತೀರ್ಮಾನಿಸಿದರು. ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ. ರಾಣಿಯ ಕ್ಷಮಾದಾನ 2013ರಲ್ಲಿ. 2021ರಿಂದ ಅಲ್ಲಿನ ಐವತ್ತು ಪೌಂಡಿನ ನೋಟಿನ ಮೇಲೆ ಅವರ ಚಿತ್ರವಿದೆ. ಯಾವುದೂ ಅವರಿಗೆ ತಲುಪಲಿಲ್ಲ.

ಹರಳಯ್ಯನವರ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅವರ ಮಗನಿಗೂ ಮಧುವರಸರ ಮಗಳಿಗೂ ಜಾತಿ ಮೀರಿ ಆದ ಮದುವೆ ಅಂದಿನ ಕಾನೂನಿಗೆ ಅಪರಾಧ. ಶರಣರನ್ನು ಎಳೆಹೂಟೆಗೆ ಕಟ್ಟಿದವರು ಧರ್ಮ ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದರು. ಟ್ಯೂರಿಂಗ್ ಅವರನ್ನು ಶಿಕ್ಷಿಸಿದಂಥ ಕಾನೂನನ್ನೇ ಬ್ರಿಟಿಷರು 1860ರ ದಂಡಸಂಹಿತೆಯ 377ನೇ ಕಲಂ ಆಗಿ ನಮ್ಮ ಮೇಲೂ ಹೊರಿಸಿದ್ದರು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ನಡೆದುಕೊಂಡರೆ ಅದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. ಕಾನೂನು ಬದಲಾಯಿತು. ನಮ್ಮ ಮನೆಗಳು ಇನ್ನೂ ಬದಲಾಗಬೇಕು.

ಅಂಥ ಮಕ್ಕಳು ತುರುವೇಕೆರೆಯಲ್ಲೂ ಇದ್ದಾರೆ, ಚಿಕ್ಕನಾಯಕನಹಳ್ಳಿಯಲ್ಲೂ ಇದ್ದಾರೆ, ಈ ಸಭೆಯಲ್ಲೂ ಇರಬಹುದು. ಆ ಚಿತ್ರಕಥೆ ಬರೆದ ಗ್ರಹಾಂ ಮೂರ್ ಪ್ರಶಸ್ತಿ ಕೈಯಲ್ಲಿ ಹಿಡಿದು, ಹದಿನಾರನೇ ವಯಸ್ಸಿನಲ್ಲಿ ತಾನು ಸಾಯಲು ಹೊರಟಿದ್ದೆ ಎಂದು ಎಲ್ಲರೆದುರು ಹೇಳಿದರು. ತಾನು ಎಲ್ಲಿಯೂ ಸಲ್ಲದವನು ಎಂದು ಆ ವಯಸ್ಸಿನಲ್ಲಿ ಅನ್ನಿಸಿತ್ತಂತೆ. ತಾಯಂದಿರೇ, ತಂದೆಯರೇ, ನಿಮ್ಮ ಮಗನೋ ಮಗಳೋ ನಡುಗುತ್ತ ಬಂದು ಇಂಥ ಮಾತು ಹೇಳಿದರೆ ಕೈಯೆತ್ತಬೇಡಿ. ಊರು ಏನನ್ನುತ್ತದೋ ಎಂದು ಹೆದರಿ ಅವಸರದ ಮದುವೆ ಮಾಡಬೇಡಿ, ಅದರಲ್ಲಿ ಏನೂ ಅರಿಯದ ಇನ್ನೊಂದು ಮನೆಯ ಮಗುವಿನ ಬಾಳೂ ಹಾಳಾಗುತ್ತದೆ. ಮಂತ್ರ ತಾಯಿತ ಎಂದು ಅಲೆದಾಡಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಳ್ಳಿ, ಊಟಕ್ಕೆ ಬಡಿಸಿ, ಮಾತು ಪೂರ್ತಿ ಕೇಳಿ. ನಿಮ್ಮಿಂದಾಗದಿದ್ದರೆ ನನ್ನ ಹತ್ತಿರ ಕರೆದುಕೊಂಡು ಬನ್ನಿ, ನಾನು ಕೇಳುತ್ತೇನೆ.