ಹಿರೀಸಭೆಯಲ್ಲಿ ಬಾಯಿಬಿಡದವರು

(ಓದತಕ್ಕ ಭಾಗ: ಯೋಹಾನ 7:45–52)



ಪರ್ಣಶಾಲೆಗಳ ಜಾತ್ರೆಯಲ್ಲಿ ಮಹಾಯಾಜಕರೂ ಫರಿಸಾಯರೂ ಯೇಸುವನ್ನು ಹಿಡಿದು ತರುವದಕ್ಕೆ ಓಲೇಕಾರರನ್ನು ಕಳುಹಿಸಿದರು. ಓಲೇಕಾರರು ಬರಿಗೈಯಲ್ಲಿ ಹಿಂದಿರುಗಿ, ಆತನು ಮಾತಾಡುವ ಹಾಗೆ ಯಾರೂ ಎಂದೂ ಮಾತಾಡಿದ್ದಿಲ್ಲವೆಂದರು. ಆಗ ಫರಿಸಾಯರು ಸಿಟ್ಟಾಗಿ, ಅಧಿಕಾರಿಗಳಲ್ಲಾಗಲಿ ತಮ್ಮಲ್ಲಾಗಲಿ ಒಬ್ಬನಾದರೂ ಅವನನ್ನು ನಂಬಿದ್ದುಂಟೋ ಎಂದು ಕೇಳಿದರು.

ಈ ಪ್ರಶ್ನೆಯ ಬಳಿಯಲ್ಲಿ ಸ್ವಲ್ಪ ನಿಲ್ಲಿರಿ. ರಾತ್ರಿಯಲ್ಲಿ ಯೇಸುವಿನ ಬಳಿಗೆ ಹೋಗಿಬಂದ ನಿಕೊದೇಮನು ಅಲ್ಲಿಯೇ ಕೂತಿದ್ದನು. ಅಧಿಕಾರಿಗಳಲ್ಲಿ ಸಹ ಅನೇಕರು ನಂಬಿದರೆಂದೂ, ಸಭಾಮಂದಿರದಿಂದ ಬಹಿಷ್ಕಾರವಾದೀತೆಂದು ಅಂಜಿ ಬಾಯಿಬಿಡಲಿಲ್ಲವೆಂದೂ ಮುಂದೆ 12ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪಕ್ಕದಲ್ಲಿ ಕೂತವನ ಮನಸ್ಸೂ ತನ್ನಂತೆಯೇ ಇದೆಯೆಂದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ! ಸುಮ್ಮನಿರುವವನು ಯಾವ ಪಕ್ಷಕ್ಕೂ ಸೇರಿದವನಲ್ಲವೆಂದು ನಾವು ನೆನಸುತ್ತೇವೆ. ಗಟ್ಟಿಯಾಗಿ ಕೂಗುವವನಾದರೋ ಅವನನ್ನು ತನ್ನ ಕಡೆಯವನೆಂದೇ ಎಣಿಸಿಕೊಳ್ಳುತ್ತಾನೆ.

ಅಂಜಿಕೆಗೆ ಕಾರಣವಿಲ್ಲವೆಂದು ಹೇಳಲಾರೆನು. 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನ ತಂದೆತಾಯಿಗಳು, ಮಗನು ಪ್ರಾಯದವನು, ಅವನನ್ನೇ ಕೇಳಬೇಕೆಂದು ಜಾರಿಕೊಂಡರು. ಬಹಿಷ್ಕಾರವೆಂದರೇನೆಂದು ನಮ್ಮ ಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ: ಬಾವಿಯ ನೀರು, ಕೂಲಿ, ಮಕ್ಕಳ ಮದುವೆ. ಆ ಬಡವರನ್ನು ಜರೆಯುವದಕ್ಕೆ ನನಗೆ ಮನಸ್ಸಿಲ್ಲ. ಮನುಷ್ಯರಿಂದ ಬರುವ ಮಾನವನ್ನು ಪ್ರೀತಿಸಿದ ಅಧಿಕಾರಿಗಳ ಮಾತು ಬೇರೆ.

ಕೊನೆಗೆ ನಿಕೊದೇಮನು ಬಾಯಿ ತೆರೆದನು. ದೊಡ್ಡ ಪ್ರಸಂಗ ಮಾಡಲಿಲ್ಲ; ಯೇಸುವೇ ಕ್ರಿಸ್ತನೆಂದು ಸಹ ಹೇಳಲಿಲ್ಲ. ಒಬ್ಬನ ಮಾತನ್ನು ಕೇಳದೆ ಅವನಿಗೆ ತೀರ್ಪುಮಾಡುವದು ನಮ್ಮ ಧರ್ಮಶಾಸ್ತ್ರದಲ್ಲುಂಟೋ ಎಂದು ಒಂದೇ ಪ್ರಶ್ನೆ ಕೇಳಿದನು. ಅವನಿಗೆ ಸಿಕ್ಕಿದ್ದು ಹಂಗಿಸುವ ಮಾತು: ನೀನೂ ಗಲಿಲಾಯದವನೋ, ಅಲ್ಲಿಂದ ಪ್ರವಾದಿ ಏಳುವದಿಲ್ಲ ಎಂದರು. ಆದರೆ ಪ್ರವಾದಿಯಾದ ಯೋನನ ಊರು ಗತ್‌ಹೇಫೆರ್ (2 ಅರಸುಗಳು 14:25), ಅದು ಗಲಿಲಾಯ ಸೀಮೆಯದೇ. ಶಾಸ್ತ್ರ ಬಲ್ಲವರ ಆ ಸಭೆಯಲ್ಲಿ ಯಾರಾದರೂ ಈ ತಪ್ಪನ್ನು ತಿದ್ದಿದರೆಂದು ಬರೆದಿಲ್ಲ.

ನಮ್ಮ ಸಭೆಗಳಲ್ಲಿಯೂ ಇಂಥ ಗಳಿಗೆ ಬರುತ್ತದೆ. ಮದುವೆಯ ಊಟದ ಮಾತು ನಡೆಯುವಾಗ, ಹಿಂದಣ ಜಾತಿಯನ್ನು ನೋಡಿ ಪಂಕ್ತಿಯನ್ನು ಬೇರೆ ಮಾಡಬೇಕೆಂದು ಒಬ್ಬ ಹಿರಿಯನು ಹೇಳುತ್ತಾನೆ. ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗೊಂಡವರು ತಲೆ ತಗ್ಗಿಸಿ ಕೂರುತ್ತಾರೆ. ಕೂಟ ಮುಗಿದ ಮೇಲೆ ಬೇಲಿಯ ಬಳಿಯಲ್ಲಿ ಇಬ್ಬಿಬ್ಬರಾಗಿ ನಿಂತು, ಇದು ತಪ್ಪೆಂದು ಪಿಸುಗುಟ್ಟುತ್ತಾರೆ. ಮೂರು ಬೇಲಿಗಳ ಬಳಿಯಲ್ಲಿಯೂ ಅದೇ ಮಾತು! ಯಾರ ಎಲೆಯನ್ನು ದೂರ ಹಾಕಿದರೋ ಅವನ ಕಿವಿಗೆ ಮಾತ್ರ ಅದು ಬೀಳುವದಿಲ್ಲ. ಸಭೆಯೆಲ್ಲಾ ಒಪ್ಪಿತೆಂದುಕೊಂಡು ಅವನು ಹೆಂಡತಿಮಕ್ಕಳನ್ನು ಕರೆದುಕೊಂಡು ಮನೆಗೆ ಹೋಗುತ್ತಾನೆ.

ಇಂಥ ಕೂಟದಲ್ಲಿ ಉಪದೇಶ ಬೇಡ. "ಅಯ್ಯಾ, ಹೀಗೆ ಮಾಡಬೇಕೆಂದು ಯಾವ ವಚನದಲ್ಲಿ ಬರೆದದೆ?" ಎಂದು ಒಬ್ಬನು, ಇಲ್ಲವೆ ಒಬ್ಬ ತಾಯಿಯು, ವಿನಯದಿಂದ ಕೇಳಲಿ. ಹಂಗಿಸುವ ಮಾತು ಬಂದೀತು. ಆದರೆ ಪಕ್ಕದಲ್ಲಿ ಕೂತವನು ತಲೆಯೆತ್ತಿ ನೋಡುವನು.